ಲಿಂಕು ಚೆಂದ ಮಾಡಲು ಹೋಗಿ ಲಿಂಕನ್ನೇ ಮುರಿದರೆ?

ಎರಡು ವೆಬ್ ವಿಳಾಸ (ಯುಆರ್‌ಎಲ್) ನೋಡಿ. ಒಂದು ಹೀಗಿದೆ: /ಇಂಡೆಕ್ಸ್.ಪಿಎಚ್‌ಪಿ?ವಿಭಾಗ=7&ಐಡಿ=4521&ಭಾಷೆ=2. ಇನ್ನೊಂದು ಹೀಗೆ: /ಕೃಷಿ/ಅಡಿಕೆ-ಎಲೆಚುಕ್ಕೆ-ರೋಗ. ಎರಡೂ ತೆರೆಯುವುದು ಒಂದೇ ಪುಟ ಅಂದುಕೊಳ್ಳಿ. ಯಾವುದನ್ನು ಒತ್ತುತ್ತೀರಿ ಅಂತ ಕೇಳಬೇಕಿಲ್ಲ. ಎರಡನೆಯದರಲ್ಲಿ ಒಳಗೆ ಏನಿದೆ ಅಂತ ತೆರೆಯುವ ಮೊದಲೇ ಗೊತ್ತಾಗುತ್ತದೆ. ಮೊದಲನೆಯದರಲ್ಲಿ ಗೊತ್ತಾಗುವುದು ಇಷ್ಟೇ: ಆ ತಾಣವನ್ನು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದಾರೆ, ಅದರ ಹಿಂದೆ ಒಂದು ಡೇಟಾಬೇಸ್ ಇದೆ. ಅಡಿಕೆ ಬೆಳೆಗಾರನಿಗೆ ಅದನ್ನು ಕಟ್ಟಿಕೊಂಡು ಆಗಬೇಕಾದದ್ದೇನೂ ಇಲ್ಲ.

ಮೊದಲ ಥರದ ವಿಳಾಸವನ್ನು ಎರಡನೇ ಥರಕ್ಕೆ ತಿರುಗಿಸುವ ಕೆಲಸಕ್ಕೆ ಯುಆರ್‌ಎಲ್ ರೀರೈಟಿಂಗ್ ಅನ್ನುತ್ತಾರೆ. ತಾಣ ಕಟ್ಟಿಕೊಡುವವರ ದರಪಟ್ಟಿಯಲ್ಲಿ 'ಎಸ್‌ಇಒ ಫ್ರೆಂಡ್ಲಿ ಯುಆರ್‌ಎಲ್' ಅಂತ ಒಂದು ಸಾಲು ಇದ್ದೇ ಇರುತ್ತದೆ. ಗೂಗಲ್‌ನಲ್ಲಿ ಮೇಲೆ ಬರುತ್ತೀರಿ ಅನ್ನುವುದು ಅದರ ಹಿಂದಿನ ಆಸೆ. ನನ್ನ ಪ್ರಕಾರ ಕೆಲಸ ಒಳ್ಳೆಯದೇ, ಅದಕ್ಕೆ ಕೊಡುವ ಕಾರಣ ಮಾತ್ರ ತಪ್ಪು. ಕಾರಣ ತಪ್ಪಾದಾಗ ಕೆಲಸವೂ ಅರ್ಧಕ್ಕೇ ನಿಲ್ಲುತ್ತದೆ.

ಈ ಪ್ರಶ್ನೆ ಗುರುತು ಎಲ್ಲಿಂದ ಬಂತು? ವೆಬ್ ಶುರುವಾದ ದಿನಗಳಲ್ಲಿ ಒಂದು ಪುಟಕ್ಕೆ ಒಂದು ಫೈಲು ಇರುತ್ತಿತ್ತು. ಫೋಲ್ಡರಿನ ಹೆಸರು, ಫೈಲಿನ ಹೆಸರು ಸೇರಿದರೆ ಅದೇ ವಿಳಾಸ. ಆಮೇಲೆ ಡೇಟಾಬೇಸ್ ಬಂತು. ಸಾವಿರ ಪುಟಕ್ಕೆ ಸಾವಿರ ಫೈಲು ಮಾಡುವ ಬದಲು ಒಂದೇ ಪ್ರೋಗ್ರಾಂ ಬರೆದು, ಯಾವ ಪುಟ ಬೇಕೋ ಅದರ ನಂಬರನ್ನು ಪ್ರಶ್ನೆ ಗುರುತಿನ ಮುಂದೆ ಕೊಟ್ಟರೆ ಸಾಕಾಯಿತು. ಇದು ಪ್ರೋಗ್ರಾಮರ್‌ಗೆ ಅನುಕೂಲ. ಯಂತ್ರದ ಒಳಗಿನ ತಂತಿಗಳು ಹೊರಗೆ ಕಾಣುತ್ತಿವೆ ಅನ್ನುವುದು ಆಗ ಯಾರಿಗೂ ದೊಡ್ಡ ವಿಷಯ ಅನ್ನಿಸಲಿಲ್ಲ.

1996ರಲ್ಲಿ ರಾಲ್ಫ್ ಎಂಗೆಲ್‌ಶಾಲ್ ಅನ್ನುವ ಜರ್ಮನ್ ಪ್ರೋಗ್ರಾಮರ್, ಪುಟಗಳನ್ನು ಬ್ರೌಸರ್‌ಗೆ ಕಳಿಸಿಕೊಡುವ ಅಪಾಚೆ ಎಂಬ ಸರ್ವರ್‌ಗೆ ಮಾಡ್-ರೀರೈಟ್ ಎಂಬ ಭಾಗ ಬರೆದರು. ಮುಂದಿನ ವರ್ಷ ಅದನ್ನು ಅಪಾಚೆ ಬಳಗಕ್ಕೇ ಕೊಟ್ಟುಬಿಟ್ಟರು. ಅದು ಮಾಡುವ ಕೆಲಸ ಸರಳ. ಬಂದ ವಿಳಾಸ ಒಂದು ಮಾದರಿಗೆ ಹೊಂದುತ್ತದೆಯೇ ಅಂತ ನೋಡುತ್ತದೆ. ಹೊಂದಿದರೆ ಅದನ್ನು ಇನ್ನೊಂದು ವಿಳಾಸವಾಗಿ ಬರೆದು ಒಳಗೆ ಕಳಿಸುತ್ತದೆ. 'ಕೃಷಿ ಅಂತ ಶುರುವಾಗಿ, ಮುಂದೆ ಒಂದು ಅಂಕಿ ಬಂದರೆ, ಆ ಅಂಕಿಯನ್ನು ಐಡಿ ಅಂತ ಇಟ್ಟುಕೊಂಡು ಇಂಡೆಕ್ಸ್.ಪಿಎಚ್‌ಪಿಗೆ ಕೊಡು' ಎಂದು ಒಂದು ಸಾಲಿನಲ್ಲಿ ಹೇಳಬಹುದು. ಈ ಸಾಲುಗಳು ಸಾಮಾನ್ಯವಾಗಿ ಇರುವುದು ಡಾಟ್ ಎಚ್‌ಟಿ‌ಆ್ಯಕ್ಸೆಸ್ ಎಂಬ ಚಿಕ್ಕ ಫೈಲಿನಲ್ಲಿ. ಅದರಲ್ಲಿ ಒಂದು ಚುಕ್ಕೆ ಹೆಚ್ಚುಕಡಿಮೆಯಾದರೂ ಇಡೀ ತಾಣ ಮಲಗಬಹುದು.

ಈಗ ಹೀಗೆ ಒಂದೊಂದೇ ನಿಯಮ ಕೈಯಲ್ಲಿ ಬರೆಯುವವರು ಕಡಿಮೆ. ವರ್ಡ್‌ಪ್ರೆಸ್ ಎಂಬ ತಾಣ ಕಟ್ಟುವ ಸಾಫ್ಟ್‌ವೇರ್ ಬಳಸುವ ಉಪಾಯ ನೋಡಿ. ಕೇಳಿದ ಹೆಸರಿನ ಫೈಲು ನಿಜವಾಗಿ ಇದ್ದರೆ ಅದನ್ನೇ ಕೊಡು, ಫೋಲ್ಡರ್ ಇದ್ದರೆ ಅದನ್ನು ಕೊಡು, ಎರಡೂ ಇಲ್ಲದಿದ್ದರೆ ಎಲ್ಲವನ್ನೂ ಇಂಡೆಕ್ಸ್.ಪಿಎಚ್‌ಪಿಗೆ ದಾಟಿಸು. ಯಾವ ವಿಳಾಸಕ್ಕೆ ಯಾವ ಪುಟ ಅನ್ನುವ ತೀರ್ಮಾನ ಪ್ರೋಗ್ರಾಂ ಒಳಗೆ ಆಗುತ್ತದೆ. ಜ್ಯಾಂಗೋ, ರೈಲ್ಸ್, ಲಾರಾವೆಲ್ ಎಂಬ ಪ್ರೋಗ್ರಾಮರ್‌ಗಳ ಸಲಕರಣೆಗಳೆಲ್ಲವೂ ಇದನ್ನೇ ತಮ್ಮ ತಮ್ಮ ರೀತಿಯಲ್ಲಿ ಮಾಡುತ್ತವೆ. ವಿಕಿಪೀಡಿಯಾದಲ್ಲಿ ಎರಡೂ ರೂಪವನ್ನು ಇವತ್ತಿಗೂ ನೋಡಬಹುದು. ಲೇಖನ ಓದುವಾಗ 'ವಿಕಿ' ಅನ್ನುವ ಪದದ ಮುಂದೆ ಲೇಖನದ ಹೆಸರು ಮಾತ್ರ ಇರುತ್ತದೆ. 'ಸಂಪಾದಿಸಿ' ಒತ್ತಿದರೆ ಇಂಡೆಕ್ಸ್.ಪಿಎಚ್‌ಪಿ, ಪ್ರಶ್ನೆ ಗುರುತು, ಸಮ ಚಿಹ್ನೆ ಎಲ್ಲವೂ ಹೊರಗೆ ಬರುತ್ತವೆ. ಓದುಗರಿಗೆ ಒಂದು ಮುಖ, ಕೆಲಸಗಾರರಿಗೆ ಇನ್ನೊಂದು. ನನಗೆ ಇದು ಬಹಳ ಹಿಡಿಸಿದ ಏರ್ಪಾಡು. ಎಲ್ಲ ವಿಳಾಸವನ್ನೂ ಚೆಂದ ಮಾಡಬೇಕೆಂಬ ಹಟ ಅದರಲ್ಲಿಲ್ಲ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ರೀರೈಟ್ ಬೇರೆ, ರೀಡೈರೆಕ್ಟ್ ಬೇರೆ. ರೀರೈಟ್ ಸರ್ವರ್ ಒಳಗೇ ನಡೆಯುತ್ತದೆ, ಬ್ರೌಸರ್‌ಗೆ ಗೊತ್ತೇ ಆಗುವುದಿಲ್ಲ. ರೀಡೈರೆಕ್ಟ್ ಅಂದರೆ 'ನೀವು ಕೇಳಿದ್ದು ಈಗ ಅಲ್ಲಿದೆ, ಅಲ್ಲಿಗೆ ಹೋಗಿ' ಅಂತ ಬ್ರೌಸರ್‌ಗೆ ಹೇಳಿ ಕಳಿಸುವುದು. 301 ಅಂದರೆ ಶಾಶ್ವತವಾಗಿ ಸ್ಥಳ ಬದಲಾಗಿದೆ, 302 ಅಂದರೆ ಸದ್ಯಕ್ಕೆ ಮಾತ್ರ. ಹೊಸ ಚೆಂದದ ವಿಳಾಸ ಕೆಲಸ ಮಾಡಲು ರೀರೈಟ್ ಬೇಕು. ಹಳೆಯ ವಿಳಾಸ ಹಿಡಿದು ಬಂದವರು ದಾರಿ ತಪ್ಪದಿರಲು 301 ಬೇಕು. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ. ಎರಡನೆಯದನ್ನು ಮರೆಯುತ್ತಾರೆ. ಎರಡನ್ನೂ ಯೋಚಿಸದೆ ಬರೆದರೆ ಇನ್ನೊಂದು ತಮಾಷೆ. ಹಳೆಯದು ಹೊಸದಕ್ಕೆ ಕಳಿಸುತ್ತದೆ, ಹೊಸದು ಒಳಗೊಳಗೇ ಹಳೆಯದಾಗಿ ಬದಲಾಗುತ್ತದೆ, ಅದು ಮತ್ತೆ ಹೊಸದಕ್ಕೆ ಕಳಿಸುತ್ತದೆ. ಕೊನೆಗೆ ಬ್ರೌಸರ್ ಬೇಸತ್ತು ರೀಡೈರೆಕ್ಟ್ ಜಾಸ್ತಿ ಆಯಿತು ಅಂತ ಕೈಚೆಲ್ಲುತ್ತದೆ.

ಹೊಸಬರನ್ನು ಕಾಡುವ ಇನ್ನೊಂದು ತೊಂದರೆ ಇದೆ. ರೀರೈಟ್ ಹಾಕಿದ ಕೂಡಲೇ ಪುಟದ ಬಣ್ಣ, ವಿನ್ಯಾಸ, ಚಿತ್ರ ಎಲ್ಲ ಮಾಯ! ಕಾರಣ ಇಷ್ಟೆ. 'ಕೃಷಿ' ಅನ್ನುವ ಫೋಲ್ಡರ್ ನಿಜವಾಗಿ ಇಲ್ಲ, ಆದರೆ ಬ್ರೌಸರ್ ಇದೆ ಅಂತಲೇ ನಂಬುತ್ತದೆ. ಪುಟದಲ್ಲಿ ಸ್ಟೈಲ್ ಫೈಲಿನ ಹೆಸರನ್ನಷ್ಟೇ ಬರೆದಿದ್ದರೆ, ಇಲ್ಲದ ಆ ಫೋಲ್ಡರಿನಲ್ಲಿ ಹುಡುಕುತ್ತದೆ. ಹೆಸರಿನ ಮೊದಲಿಗೆ ಒಂದು ಓರೆಗೆರೆ ಹಾಕಿ, ತಾಣದ ಬುಡದಿಂದ ದಾರಿ ಕೊಟ್ಟರೆ ಸರಿಹೋಗುತ್ತದೆ.

ಇನ್ನು ಗೂಗಲ್ ವಿಷಯ. ಶುರುವಿನ ವರ್ಷಗಳಲ್ಲಿ ಸರ್ಚ್ ಎಂಜಿನ್‌ಗಳು ಪ್ರಶ್ನೆ ಗುರುತಿನ ವಿಳಾಸ ಕಂಡರೆ ಹಿಂಜರಿಯುತ್ತಿದ್ದದ್ದು ನಿಜ. ಪ್ರತಿ ಭೇಟಿಗೂ ಬೇರೆ ಬೇರೆಯಾಗಿ ಕೊಡುವ ಸೆಷನ್ ನಂಬರ್ ವಿಳಾಸದಲ್ಲೇ ಇದ್ದರೆ ಒಂದೇ ಪುಟ ಸಾವಿರ ಬೇರೆ ಬೇರೆ ಪುಟದ ಹಾಗೆ ಕಾಣುತ್ತಿತ್ತು. ಆದರೆ 2008ರ ಸೆಪ್ಟೆಂಬರ್‌ನಲ್ಲಿ ಗೂಗಲ್ಲೇ ಹೇಳಿತು: ಇಂಥ ವಿಳಾಸಗಳನ್ನು ನಾವು ಚೆನ್ನಾಗಿಯೇ ಓದುತ್ತೇವೆ, ಸುಮ್ನೆ ಸ್ಥಿರ ವಿಳಾಸದ ವೇಷ ಹಾಕಬೇಡಿ, ತಪ್ಪಾಗಿ ರೀರೈಟ್ ಮಾಡಿದರೆ ನಮಗೇ ಗೊಂದಲ ಅಂತ. ಒಂದೇ ಪುಟಕ್ಕೆ ಹಲವು ವಿಳಾಸ ಇದ್ದರೆ ಯಾವುದು ಅಸಲಿ ಅಂತ ಪುಟದಲ್ಲೇ ಗುರುತು ಹಾಕುವ 'ಕ್ಯಾನಾನಿಕಲ್' ಪದ್ಧತಿಯನ್ನು 2009ರಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂವರೂ ಒಟ್ಟಿಗೆ ಒಪ್ಪಿಕೊಂಡರು. ವಿಳಾಸದಲ್ಲಿ ಇರುವ ಪದಗಳಿಂದ ಸಿಗುವ ಲಾಭ ಬಹಳ ಚಿಕ್ಕದು ಅಂತ ಗೂಗಲ್‌ನವರು ಆಮೇಲೂ ಹೇಳುತ್ತಲೇ ಬಂದಿದ್ದಾರೆ. ಆದರೂ ದರಪಟ್ಟಿಯ ಆ ಸಾಲು ಹೋಗಿಲ್ಲ.

ಹಾಗಾದರೆ ಯಾಕೆ ಮಾಡಬೇಕು? ಓದಲು ಚೆಂದ ಅನ್ನುವುದು ಒಂದು. ಅದಕ್ಕಿಂತ ದೊಡ್ಡದು ಬಾಳಿಕೆ. ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಇದನ್ನು ಬರೆದಿದ್ದರು. ಒಳ್ಳೆಯ ವಿಳಾಸ ಬದಲಾಗಬಾರದು, ಅದಕ್ಕಾಗಿ ಬದಲಾಗುವಂಥ ಯಾವುದನ್ನೂ ಅದರಲ್ಲಿ ಇಡಬೇಡಿ ಅನ್ನುವುದು ಅವರ ವಾದ. ಪಿಎಚ್‌ಪಿ, ಎಎಸ್‌ಪಿ ಅನ್ನುವ ಬಾಲ ವಿಳಾಸದಲ್ಲಿ ಇದೆಯಾ? ನಾಳೆ ತಂತ್ರಜ್ಞಾನ ಬದಲಾದರೆ ವಿಳಾಸವೂ ಸಾಯುತ್ತದೆ. ಇಲಾಖೆಯ ಹೆಸರಿದೆಯಾ? ಇಲಾಖೆಗಳು ಒಂದರೊಳಗೊಂದು ಸೇರಿದಾಗ ಅದೂ ಸಾಯುತ್ತದೆ. ರೀರೈಟ್ ಮಾಡುವ ಅಸಲಿ ಉಪಕಾರ ಇಲ್ಲಿದೆ. ಹೊರಗಿನ ವಿಳಾಸ ಮತ್ತು ಒಳಗಿನ ಯಂತ್ರದ ನಂಟು ಬಿಡಿಸುತ್ತದೆ. ಒಳಗೆ ಏನು ಬೇಕಾದರೂ ಬದಲಿಸಿ, ಹೊರಗಿನದು ಹಾಗೇ ಇರಲಿ.

ಆದರೆ ನಡೆಯುವುದು ಉಲ್ಟಾ. ತಾಣಕ್ಕೆ ಹೊಸ ವಿನ್ಯಾಸ ಬರುತ್ತದೆ. ಹೊಸ ಸಾಫ್ಟ್‌ವೇರ್ ಹಾಕುತ್ತಾರೆ. ಇದೇ ಸಮಯ ಅಂತ ವಿಳಾಸಗಳನ್ನೂ ಚೆಂದ ಮಾಡುತ್ತಾರೆ. ಹಳೆಯ ಪ್ರಶ್ನೆ ಗುರುತಿನ ವಿಳಾಸಗಳಿಗೆ 301 ಹಾಕುವುದಿಲ್ಲ. ಉದ್ಘಾಟನೆಯ ದಿನ ಮುಖಪುಟ ಹೊಳೆಯುತ್ತದೆ, ಹತ್ತು ವರ್ಷದ ಹಳೆಯ ಲಿಂಕುಗಳು ಅದೇ ದಿನ ಸಾಯುತ್ತವೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಕೊಟ್ಟ ಲೆಕ್ಕ ನೋಡಿ. 2013ರಲ್ಲಿ ಇದ್ದ ಪುಟಗಳಲ್ಲಿ 38% ಪುಟಗಳು ಹತ್ತು ವರ್ಷದ ನಂತರ ಸಿಗುತ್ತಿರಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪುಗಳಲ್ಲಿ ಕೊಟ್ಟ ಲಿಂಕುಗಳಲ್ಲಿ ಸುಮಾರು ಅರ್ಧದಷ್ಟು ಮೂಲ ಮಾಹಿತಿಗೆ ಹೋಗುವುದಿಲ್ಲ ಅಂತ ಹಾರ್ವರ್ಡ್‌ನ ಜೊನಾಥನ್ ಝಿಟ್ರೇನ್ ಮತ್ತು ಜೊತೆಗಾರರು ಅದಕ್ಕೂ ಮೊದಲೇ ತೋರಿಸಿದ್ದರು. ಎಲ್ಲವೂ ಚೆಂದ ಮಾಡಲು ಹೋಗಿಯೇ ಸತ್ತವು ಅನ್ನುತ್ತಿಲ್ಲ. ಎಷ್ಟೋ ತಾಣಗಳು ಮುಚ್ಚಿಯೇ ಹೋಗಿವೆ. ಆದರೆ ಪುಟ ಜೀವಂತ ಇದ್ದು ವಿಳಾಸ ಮಾತ್ರ ಸತ್ತದ್ದಕ್ಕೆ ನೆಪ ಹೇಳಲಾಗದು.

ನಮ್ಮಲ್ಲೂ ಇದು ಹೊಸದಲ್ಲ. ರಾಜ್ಯದ ಹಲವು ಇಲಾಖೆಗಳ ತಾಣ 'ಕೆಎಆರ್ ಡಾಟ್ ಎನ್‌ಐಸಿ ಡಾಟ್ ಇನ್' ಅನ್ನುವ ಹಳೆಯ ಹೆಸರಿನಿಂದ 'ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್' ಕಡೆಗೆ ಬಂದಿವೆ. ಹೊಸ ಹೆಸರು ನೆನಪಿಡಲು ಸುಲಭ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸುತ್ತೋಲೆ, ಪಠ್ಯಪುಸ್ತಕ, ಅರ್ಜಿ ನಮೂನೆಗಳ ಹಳೆಯ ಲಿಂಕುಗಳು ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ, ವಿಕಿಪೀಡಿಯಾದ ಅಡಿಟಿಪ್ಪಣಿಗಳಲ್ಲಿ, ಅಚ್ಚಾದ ಪುಸ್ತಕಗಳಲ್ಲಿ ಇನ್ನೂ ಕೂತಿವೆ. ಹೆಸರು ಬದಲಿಸುವವರು ಇವನ್ನು ಲೆಕ್ಕಕ್ಕೆ ಹಿಡಿದಿರುತ್ತಾರಾ?

ಹಳೆಯ ಲಿಂಕುಗಳನ್ನೆಲ್ಲ ಒಟ್ಟಿಗೆ ಮುಖಪುಟಕ್ಕೆ ತಿರುಗಿಸಿಬಿಡುವ ಸೋಮಾರಿ ದಾರಿಯೂ ಒಂದಿದೆ. ನೀವು ಕೇಳಿದ್ದು ಒಂದು ಆದೇಶದ ಪ್ರತಿ, ಸಿಕ್ಕಿದ್ದು ಮಂತ್ರಿಗಳ ಫೋಟೋ ಇರುವ ಮುಖಪುಟ. ಇದಕ್ಕಿಂತ ನೇರವಾಗಿ 'ಪುಟ ಇಲ್ಲ' (ಸರ್ವರ್ ಭಾಷೆಯಲ್ಲಿ 404) ಅಂದರೆ ವಾಸಿ. ಗೂಗಲ್ ಕೂಡ ಇಂಥದ್ದನ್ನು ಮೆತ್ತನೆಯ 404 ಅಂತ ಹೆಸರಿಟ್ಟು, ಪುಟ ಇಲ್ಲವೆಂದೇ ಲೆಕ್ಕ ಹಾಕುತ್ತದೆ.

ವಿಳಾಸದಲ್ಲಿ ತಲೆಬರಹದ ಪದಗಳನ್ನು ಜೋಡಿಸಿ ಇಡುವ ಭಾಗಕ್ಕೆ ಸ್ಲಗ್ ಅನ್ನುತ್ತಾರೆ. ತಲೆಬರಹ ಬದಲಾಗುತ್ತದೆ, ಅಂಕಿ ಬದಲಾಗುವುದಿಲ್ಲ. ಅದಕ್ಕೇ ದೊಡ್ಡ ಸುದ್ದಿತಾಣಗಳು ಎರಡನ್ನೂ ಇಡುತ್ತವೆ: ಪದಗಳು ಓದುಗರಿಗೆ, ಅಂಕಿ ಯಂತ್ರಕ್ಕೆ. ಅಮೆಜಾನ್ ಲಿಂಕಿನಲ್ಲಿ ಸಾಮಾನಿನ ಹೆಸರು ಅಳಿಸಿ, ಹತ್ತು ಅಕ್ಷರದ ಕೋಡ್ ಉಳಿಸಿದರೂ ಅದೇ ಪುಟ ತೆರೆಯುತ್ತದೆ. ಜಾಣ ಉಪಾಯ. ಆದರೆ ಅಂಕಿ ಮಾತ್ರ ನೋಡಿ ಪದಗಳನ್ನು ನೋಡದೇ ಬಿಟ್ಟರೆ ಫಜೀತಿ. 2011ರಲ್ಲಿ ಬ್ರಿಟನ್ನಿನ ಇಂಡಿಪೆಂಡೆಂಟ್ ಪತ್ರಿಕೆಗೆ ಇದೇ ಆಯಿತು. ಕೇಟ್ ಮಿಡಲ್ಟನ್ ಮುಖ ಕಾಣುವ ಜೆಲ್ಲಿ ಮಿಠಾಯಿಯ ಸುದ್ದಿ ಅದು. ಪತ್ರಿಕೆಯನ್ನೇ ಬೈಯುವ ಪದಗಳಿದ್ದ ಅದರ ಲಿಂಕು ಎಲ್ಲೆಡೆ ಹರಿದಾಡಿತು. ಲಿಂಕು ಪತ್ರಿಕೆಯದೇ, ಪುಟವೂ ಪತ್ರಿಕೆಯದೇ. ನಡುವಿನ ಪದಗಳನ್ನು ಯಾರು ಬೇಕಾದರೂ ಬದಲಿಸಿ ಬರೆಯಬಹುದಿತ್ತು, ಸರ್ವರ್ ತಕರಾರು ಮಾಡುತ್ತಿರಲಿಲ್ಲ. ಪರಿಹಾರ ಸುಲಭ. ಪದಗಳು ತಾಳೆಯಾಗದಿದ್ದರೆ ಸರಿಯಾದ ವಿಳಾಸಕ್ಕೆ 301 ಕೊಡಬೇಕು.

ಓದಬಲ್ಲ ವಿಳಾಸವನ್ನು ನಂಬುವುದರಲ್ಲಿ ಹೀಗೊಂದು ಅಪಾಯ ಇದೆ. ಓರೆಗೆರೆಯ ಮುಂದಿನ ಪದಗಳು ತಾಣದ ಮಾಲೀಕ ಬರೆದದ್ದು. ಬ್ಯಾಂಕಿನ ಹೆಸರು, ಕೆವೈಸಿ, ರೀಫಂಡ್, ಏನು ಬೇಕಾದರೂ ಬರೆದುಕೊಳ್ಳಬಹುದು. ಕಳ್ಳರಿಗೂ ಚೆಂದದ ಯುಆರ್‌ಎಲ್ ಮಾಡಲು ಬರುತ್ತದೆ ಅಲ್ವಾ? ನಂಬಬೇಕಾದದ್ದು, ಶುರುವಿನ ಜೋಡಿ ಓರೆಗೆರೆ ಬಿಟ್ಟು, ಮೊದಲ ಓರೆಗೆರೆಗಿಂತ ಹಿಂದಿನ ಹೆಸರನ್ನು, ಅದರಲ್ಲೂ ಅದರ ಕೊನೆಯ ತುಂಡನ್ನು. ರಿಸರ್ವ್ ಬ್ಯಾಂಕ್ ದೇಶದ ಬ್ಯಾಂಕುಗಳಿಗೆಲ್ಲ 2025ರ ಅಕ್ಟೋಬರ್ 31ರ ಒಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಹೆಸರಿಗೆ ಬನ್ನಿ ಎಂದು ಹೇಳಿದ್ದು ಇದಕ್ಕೇ. ಆ ಬಾಲ ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ.

ರೀರೈಟ್ ಮಾಡಿದರೆ ತಾಣ ಸುರಕ್ಷಿತ ಅನ್ನುವ ನಂಬಿಕೆಯೂ ಕೆಲವರಲ್ಲಿದೆ. ಇಲ್ಲ. 2019ರಲ್ಲಿ ಅಮೆರಿಕದ ಫಸ್ಟ್ ಅಮೆರಿಕನ್ ಎಂಬ ಆಸ್ತಿ ಹಕ್ಕಿನ (ಟೈಟಲ್) ವಿಮೆ ಕಂಪನಿಯ ಸುಮಾರು 88.5 ಕೋಟಿ ದಾಖಲೆಗಳು ಬಯಲಾಗಿದ್ದವು. ಲಿಂಕಿನಲ್ಲಿದ್ದ ಒಂದು ಅಂಕಿ ಬದಲಿಸಿದರೆ ಇನ್ನೊಬ್ಬರ ಕಾಗದಪತ್ರ ತೆರೆಯುತ್ತಿತ್ತು, ಲಾಗಿನ್ ಕೂಡ ಬೇಕಿರಲಿಲ್ಲ. ಆ ಅಂಕಿ ಪ್ರಶ್ನೆ ಗುರುತಿನ ಮುಂದೆ ಇದ್ದರೂ ಒಂದೇ, ಓರೆಗೆರೆಗಳ ನಡುವೆ ಇದ್ದರೂ ಒಂದೇ. ಕೇಳುತ್ತಿರುವವರಿಗೆ ನೋಡುವ ಹಕ್ಕಿದೆಯಾ ಅಂತ ಪ್ರೋಗ್ರಾಂ ಪರೀಕ್ಷಿಸಬೇಕು.

ಈಗ ಕನ್ನಡಕ್ಕೆ ಬರೋಣ. ಮೇಲೆ ನಾನು ಬರೆದ ಹಾಗೆ 'ಅಡಿಕೆ-ಎಲೆಚುಕ್ಕೆ-ರೋಗ' ಅಂತ ಕನ್ನಡದಲ್ಲೇ ವಿಳಾಸ ಇಟ್ಟರೆ ಏನಾಗುತ್ತದೆ?

ಬ್ರೌಸರಿನ ಪಟ್ಟಿಯಲ್ಲಿ ಚೆಂದವಾಗಿ ಕನ್ನಡವೇ ಕಾಣುತ್ತದೆ. ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಶೇಕಡಾ ಚಿಹ್ನೆಗಳ ರಾಶಿ ಬೀಳುತ್ತದೆ. ವಿಳಾಸದ ಹಳೆಯ ನಿಯಮಗಳಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳಿಗೆ ಮಾತ್ರ ಜಾಗ. ಬೇರೆ ಅಕ್ಷರಗಳನ್ನು ಬೈಟ್‌ಗಳಾಗಿ ಒಡೆದು, ಒಂದೊಂದು ಬೈಟ್‌ಗೂ ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರ ಬರೆಯಬೇಕು. ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ, ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆಗೂ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಮೂರು ಮೂರು ಬೈಟ್. ಅಂದರೆ ಒಂದಕ್ಕೆ ಒಂಬತ್ತು. ಬರೀ 'ಕ' ಅನ್ನುವುದು %ಇ0%ಬಿ2%95 ಆಗುತ್ತದೆ. 'ಬೆಂಗಳೂರು' ಪದದಲ್ಲಿ ಗುಣಿತ, ಅನುಸ್ವಾರ ಸೇರಿ 8 ಸಂಕೇತ. ವಿಳಾಸದಲ್ಲಿ ಅದು 72 ಆಗಿ ಕೂರುತ್ತದೆ. ಇಂಗ್ಲಿಷ್ ಲಿಪಿಯಲ್ಲಿ ಬರೆದರೆ 9. ನಮ್ಮ ಅಡಿಕೆ ರೋಗಕ್ಕೆ 155.

ವರ್ಡ್‌ಪ್ರೆಸ್‌ನಲ್ಲಿ ಕನ್ನಡ ತಾಣ ನಡೆಸುವವರು ಇದರ ಪೆಟ್ಟು ಕಂಡಿರುತ್ತಾರೆ, ಕಾರಣ ಗೊತ್ತಿರಲಿಕ್ಕಿಲ್ಲ. ಅದು ಸ್ಲಗ್‌ಗೆ ಕೊಟ್ಟಿರುವ ಜಾಗ 200 ಅಕ್ಷರ. ಎಣಿಸುವುದು ಶೇಕಡಾ ರೂಪದಲ್ಲಿ. 'ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಮತ್ತೆ ಟೋಲ್ ಏರಿಕೆ' ಅಂತ ತಲೆಬರಹ ಕೊಡಿ. ಬೆಂಗಳೂರಿಗೆ 72, ಮೈಸೂರಿಗೆ 54, 'ಹೆದ್ದಾರಿ' ಅನ್ನುವಷ್ಟಕ್ಕೆ 72, ನಡುವಿನ ಎರಡು ಅಡ್ಡಗೆರೆ. ಅಲ್ಲಿಗೆ ಸರಿಯಾಗಿ 200! 'ಯಲ್ಲಿ' ಅನ್ನುವುದರಿಂದ ಮುಂದಿನದೆಲ್ಲ ಕತ್ತರಿ. ಸುದ್ದಿಯ ತಿರುಳಾದ ಟೋಲ್ ಏರಿಕೆಯೇ ವಿಳಾಸದಲ್ಲಿ ಇಲ್ಲ. ಅದೇ ಹೆದ್ದಾರಿಯ ಅಪಘಾತದ ಸುದ್ದಿಗೂ ಅದೇ ಸ್ಲಗ್ ಬರುವುದರಿಂದ ಕೊನೆಗೆ 2, 3 ಅಂತ ಅಂಕಿ ಅಂಟಿಸುತ್ತದೆ. ಇಂಗ್ಲಿಷ್ ತಲೆಬರಹಕ್ಕೆ ಧಾರಾಳವಾಗಿದ್ದ ಜಾಗದಲ್ಲಿ ಕನ್ನಡಕ್ಕೆ ಮೂರು ಪದ ಹಿಡಿಸಿದರೆ ಹೆಚ್ಚು.

ಕಣ್ಣಿಗೆ ಕಾಣದ ಇನ್ನೊಂದು ತೊಡಕಿದೆ. 'ಬ್ಯಾಂಕ್‌ನಲ್ಲಿ' ಅನ್ನುವಂಥ ಪದದಲ್ಲಿ ಅಕ್ಷರಗಳು ಕೂಡಿಕೊಳ್ಳದಿರಲು ನಡುವೆ ಅಗೋಚರ ಸಂಕೇತ ಒಂದನ್ನು ಹಾಕುತ್ತೇವೆ. ವಿಳಾಸದಲ್ಲಿ ಅದಕ್ಕೂ ಒಂಬತ್ತು ಅಕ್ಷರ. ಹಾಗೆಯೇ 'ಕೊ' ಅನ್ನುವ ಗುಣಿತವನ್ನು ಒಂದೇ ಸಂಕೇತದಿಂದ ಬರೆಯಬಹುದು, ಎತ್ವ ಮತ್ತು ಊಕಾರದ ಎರಡು ಸಂಕೇತಗಳನ್ನು ಸೇರಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಸರ್ವರ್‌ಗೆ ಎರಡು ಬೇರೆ ವಿಳಾಸ. ಸ್ಲಗ್ ತಯಾರಾಗುವ ಹಂತದಲ್ಲೇ ಇವನ್ನು ಒಂದೇ ರೂಪಕ್ಕೆ ತಂದು, ಅಗೋಚರ ಸಂಕೇತ ತೆಗೆದುಹಾಕದಿದ್ದರೆ, ಓದುಗರು ನೋಡಿಕೊಂಡು ಟೈಪ್ ಮಾಡಿದ ವಿಳಾಸ ತೆರೆಯದೇ ಇರಬಹುದು. ಕನ್ನಡ ತಾಣಗಳಿಗೆ ಸಾಫ್ಟ್‌ವೇರ್ ಬರೆಯುವವರು ಮೊದಲು ನೋಡಬೇಕಾದ ಜಾಗ ಇದು.

ಇದೆಲ್ಲ ನೋಡಿ ಬಹಳ ಕನ್ನಡ ತಾಣಗಳು ಇಂಗ್ಲಿಷ್ ಲಿಪಿಯ ಸ್ಲಗ್‌ಗೆ ಶರಣಾಗಿವೆ. ತಪ್ಪು ಅನ್ನಲಾರೆ. ಲಿಂಕು ಚಿಕ್ಕದಾಗಿರುತ್ತದೆ, ಎಸ್ಸೆಮ್ಮೆಸ್‌ನಲ್ಲಿ ಹಿಡಿಯುತ್ತದೆ, ಎಲ್ಲೂ ಮುರಿಯುವುದಿಲ್ಲ. ಆದರೆ ಕನ್ನಡ ವಿಕಿಪೀಡಿಯಾ ಕನ್ನಡದಲ್ಲೇ ಉಳಿಸಿಕೊಂಡಿದೆ, ಅದು ನನಗೆ ಸರಿ ಅನ್ನಿಸುತ್ತದೆ. ಅಲ್ಲಿ ವಿಳಾಸ ಎಂದರೆ ಲೇಖನದ ಹೆಸರೇ. ಹೆಸರು ಗೊತ್ತಿದ್ದರೆ ವಿಳಾಸ ಗೊತ್ತಿದ್ದ ಹಾಗೆ. ಉದ್ದದ ಗೋಳಿಗೆ ವಿಕಿಮೀಡಿಯಾದವರು 2019ರಲ್ಲಿ ತಮ್ಮದೇ ಕಿರು ಲಿಂಕಿನ ಸೇವೆ ಶುರು ಮಾಡಿದರು. ಹೊರಗಿನ ಕಿರು ಲಿಂಕಿಗಿಂತ ಇದು ಮೇಲು. ಗೂಗಲ್‌ನ ಕಿರು ಲಿಂಕು ಸೇವೆ 2019ರಲ್ಲೇ ಹೊಸ ಲಿಂಕು ಕೊಡುವುದನ್ನು ನಿಲ್ಲಿಸಿತು. 2025ರ ಆಗಸ್ಟ್‌ನಲ್ಲಿ ಹಳೆಯವೂ ಬಂದ್ ಅಂದಿತು. ಕೊನೇ ಗಳಿಗೆಯಲ್ಲಿ ಬಳಕೆಯಲ್ಲಿರುವವನ್ನು ಮಾತ್ರ ಉಳಿಸಿಕೊಳ್ಳುತ್ತೇವೆ ಅಂತ ಮಾತು ಬದಲಿಸಿತು.

ಹೊಸದಾಗಿ ಕನ್ನಡ ತಾಣ ಕಟ್ಟುವವರಿಗೆ ನನ್ನ ಸಲಹೆ: ಅಂಕಿ ಇರಲಿ, ಅದರ ಜೊತೆ ಎರಡು ಮೂರು ಪದ ಇರಲಿ. ಪದ ಕನ್ನಡದಲ್ಲಿದ್ದರೂ ಇಂಗ್ಲಿಷ್ ಲಿಪಿಯಲ್ಲಿದ್ದರೂ ಪುಟ ಹುಡುಕುವ ಹೊಣೆ ಅಂಕಿಯದೇ ಆಗಿರಲಿ. ಆಗ ಪದ ಕತ್ತರಿಸಿ ಹೋದರೂ ಲಿಂಕು ಬದುಕುತ್ತದೆ. ಈಗಾಗಲೇ ತಾಣ ಇದ್ದು ವಿಳಾಸ ಬದಲಿಸಲು ಹೊರಟವರು ಮೊದಲು ಸರ್ವರ್‌ನ ಲಾಗ್ (ಯಾವ ವಿಳಾಸ ಕೇಳಿ ಬಂದರು ಅನ್ನುವ ದಾಖಲೆ) ತೆಗೆದು, ಜನ ನಿಜವಾಗಿ ಯಾವ ಹಳೆಯ ವಿಳಾಸಗಳಿಗೆ ಬರುತ್ತಿದ್ದಾರೆ ನೋಡಿ. ಒಂದೊಂದಕ್ಕೂ ಹೊಸ ಜೋಡಿ ಬರೆದು 301 ಹಾಕಿ. ತಾಣ ತೆರೆದ ಮೇಲೆ ಒಂದಷ್ಟು ವಾರ 404 ಪಟ್ಟಿ ನೋಡುತ್ತಿರಿ, ಬಿಟ್ಟುಹೋದವು ಅಲ್ಲಿ ಸಿಗುತ್ತವೆ. ಈ ರೀಡೈರೆಕ್ಟ್‌ಗಳನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಿ ಅನ್ನುತ್ತದೆ ಗೂಗಲ್. ಅದು ಗೂಗಲ್‌ಗೆ ಸಾಕಾಗುವ ಅವಧಿ. ಪುಸ್ತಕದಲ್ಲಿ ಅಚ್ಚಾದ ಲಿಂಕಿಗೆ ಒಂದು ವರ್ಷ ಎಲ್ಲಿ ಸಾಕು? ಸರ್ವರ್‌ನಲ್ಲಿ ಒಂದು ಸಾಲು ನಿಯಮ ಹಾಗೇ ಬಿಟ್ಟಿದ್ದರೆ ಅದಕ್ಕೆ ಬಾಡಿಗೆ ಕೇಳುವವರು ಯಾರೂ ಇಲ್ಲ.